ರೋಬೋ ಬೇಕಾ, ಲ್ಯಾಪರೋಸ್ಕೋಪಿ ಸಾಕಾ? ಹೊಟ್ಟೆ ಕ್ಯಾನ್ಸರ್ ಆಪರೇಷನ್ನಿನ 140 ವರ್ಷದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಾ ಇರೋರಿಗೆ ಮೊದಲೇ ಹೇಳಿಬಿಡ್ತೀನಿ, ಇವತ್ತು ಹೊಟ್ಟೆ, ಕರುಳು, ರಕ್ತ, ಹೊಲಿಗೆ ಎಲ್ಲ ಬರುತ್ತೆ. ತಿಂಡಿ ತಿಂತಾ ಇದ್ದರೆ ಮುಗಿಸಿಕೊಂಡು ಬನ್ನಿ.

ನಮ್ಮ ಸೋದರಮಾವನಿಗೆ ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾದಾಗ ನಾನೂ ಅತ್ತೆಯೂ ಆಸ್ಪತ್ರೆಯ ಒಂದು ಸಣ್ಣ ಕೋಣೆಯಲ್ಲಿ ಕೂತಿದ್ದೆವು. ಬಾಗಿಲ ಮೇಲೆ 'ಕೌನ್ಸೆಲಿಂಗ್' ಅಂತ ಬೋರ್ಡು. ಎದುರಿಗಿದ್ದ ಹುಡುಗ ಒಂದು ಹಾಳೆ ಮುಂದಿಟ್ಟ. ಅದರಲ್ಲಿ ಎರಡು ಕಾಲಂ: ಒಂದು ಕಡೆ ಲ್ಯಾಪರೋಸ್ಕೋಪಿಕ್, ಇನ್ನೊಂದು ಕಡೆ ರೋಬೋಟಿಕ್. ಎರಡಕ್ಕೂ ಕೆಳಗೆ ಮೊತ್ತ. ವ್ಯತ್ಯಾಸ ಲಕ್ಷಗಳಲ್ಲಿತ್ತು. ಅತ್ತೆ ಕೇಳಿದರು, "ಯಾವುದು ಒಳ್ಳೇದಪ್ಪಾ?" ಅವನು ಹೇಳಿದ್ದು ಎರಡೇ ಮಾತು: "ನಿಮ್ಮಿಷ್ಟ ಮೇಡಂ."

ನಿಮ್ಮಿಷ್ಟ! ಹೋಟೆಲಿನಲ್ಲಿ ಇಡ್ಲಿಯೋ ದೋಸೆಯೋ ಅಂದ ಹಾಗೆ. ಯಾವುದು ಒಳ್ಳೇದು ಅಂತ ಗೊತ್ತಿರಬೇಕಾದವರು ನಾವಾ?

ಅವತ್ತು ರಾತ್ರಿ ಫೋನ್ ಹಿಡಿದು ಓದೋಕೆ ಶುರು ಮಾಡಿದವನು ಬಹಳ ದಿನ ನಿಲ್ಲಿಸಲಿಲ್ಲ. ನಾನು ಡಾಕ್ಟರ್ ಅಲ್ಲ, ಇತಿಹಾಸ ಓದಿದವನು. ಹಾಗಾಗಿ ನನಗೆ ದಾರಿ ಕಂಡಿದ್ದು ಹಿಂದಿನಿಂದ. ಈ ಆಪರೇಷನ್ ಮೊದಲು ಮಾಡಿದ್ದು ಯಾರು? ಹೊಟ್ಟೆ ಪೂರ್ತಿ ಸೀಳಿ ಮಾಡ್ತಿದ್ದದ್ದು ಸಣ್ಣ ತೂತಿನ ಮೂಲಕ ಮಾಡೋ ಹಾಗೆ ಆಗಿದ್ದು ಯಾವಾಗ? ಅದರೊಳಗೆ ಯಂತ್ರದ ಕೈ ಬಂದಿದ್ದು ಹೇಗೆ? ಪ್ರತಿ ಸಲ ಹೊಸದು ಬಂದಾಗಲೂ, ಇದು ಹಳೆಯದಕ್ಕಿಂತ ಒಳ್ಳೇದು ಅಂತ ಯಾರು, ಹೇಗೆ ತೀರ್ಮಾನ ಮಾಡಿದರು?

ಹಾಗಾಗಿ ಮೊದಲು ಹೋಗೋಣ ವಿಯೆನ್ನಾಕ್ಕೆ. 1881ರ ಜನವರಿ 29.

ಆಗ ಯುರೋಪಿನಲ್ಲಿ ಹೊಟ್ಟೆಯ ಕ್ಯಾನ್ಸರ್ ಅಂದರೆ ಸಾವೇ. ಜಠರದ ಕೆಳತುದಿಯಲ್ಲಿ ಗಡ್ಡೆ ಬೆಳೆದರೆ ತಿಂದಿದ್ದು ಮುಂದೆ ಹೋಗಲ್ಲ, ವಾಂತಿ ಆಗುತ್ತೆ, ಮನುಷ್ಯ ಹಸಿದೇ ಸಾಯ್ತಾನೆ. ಅರಿವಳಿಕೆ ಬಂದು ಮೂವತ್ತೈದು ವರ್ಷ ಆಗಿತ್ತು. ಗಾಯ ಕೀವಾಗದ ಹಾಗೆ ಕಾರ್ಬಾಲಿಕ್ ಆಮ್ಲ ಬಳಸೋದನ್ನ ಜೋಸೆಫ್ ಲಿಸ್ಟರ್ 1867ರಲ್ಲೇ ತೋರಿಸಿಕೊಟ್ಟಿದ್ದ. ಅಂದ್ರೆ ಹೊಟ್ಟೆ ತೆರೆಯೋ ಧೈರ್ಯ ಬಂದಿತ್ತು. ಆದರೆ ಜಠರವನ್ನ ಕತ್ತರಿಸಿ ಮತ್ತೆ ಕರುಳಿಗೆ ಹೊಲಿಯೋದು? ಹೊಲಿಗೆ ಬಿಟ್ಟುಕೊಂಡು ಜಠರದ ಆಮ್ಲ ಹೊಟ್ಟೆಯೊಳಗೆ ಸೋರಿದರೆ ಮುಗೀತು.

1879ರಲ್ಲಿ ಪ್ಯಾರಿಸ್‌ನ ಜೂಲ್ ಪೆಯಾನ್ ಪ್ರಯತ್ನಿಸಿದ. ರೋಗಿ ಐದನೇ ದಿನ ತೀರಿಕೊಂಡರು. 1880ರಲ್ಲಿ ಪೋಲೆಂಡಿನ ಸರ್ಜನ್ ಲುಡ್ವಿಕ್ ರಿಡಿಗಿಯರ್ ಮಾಡಿದ. ಅವನ ರೋಗಿ ಹನ್ನೆರಡು ಗಂಟೆ ಬದುಕಿದ್ದರು. ಇಂಥ ಆಪರೇಷನ್ ಇನ್ನು ಯಾರೂ ಮಾಡಬಾರದು ಅನ್ನೋ ಮಾತು ವೈದ್ಯ ಪತ್ರಿಕೆಗಳಲ್ಲೇ ಬಂತು.

ಮೂರನೆಯವನು ಥಿಯೊಡೋರ್ ಬಿಲ್‌ರೋತ್. ವಿಯೆನ್ನಾದ ದೊಡ್ಡ ಪ್ರೊಫೆಸರ್, ಸಂಗೀತಗಾರ ಬ್ರಾಮ್ಸ್‌ನ ಆಪ್ತ ಗೆಳೆಯ. ಬ್ರಾಮ್ಸ್ ತನ್ನ ಎರಡು ಸ್ಟ್ರಿಂಗ್ ಕ್ವಾರ್ಟೆಟ್‌ಗಳನ್ನ ಇವನಿಗೇ ಅರ್ಪಿಸಿದ್ದ. ಆದರೆ ನನಗೆ ಇಷ್ಟವಾದ್ದು ಇವನ ಕಚೇರಿ ಸೇರಿದ ಗೆಳೆಯರ ಪಟ್ಟಿ ಅಲ್ಲ, ಇವನ ತಾಳ್ಮೆ. ಇವನ ಶಿಷ್ಯರು ವರ್ಷಗಟ್ಟಲೆ ನಾಯಿಗಳ ಮೇಲೆ ಇದೇ ಆಪರೇಷನ್ ಮಾಡಿ ನೋಡಿದ್ದರು. ಜೊತೆಗೆ ವಿಯೆನ್ನಾದ ಶವಪರೀಕ್ಷೆಯ ಹಳೇ ದಾಖಲೆಗಳನ್ನೆಲ್ಲ ತೆಗೆದು, ಹೊಟ್ಟೆ ಕ್ಯಾನ್ಸರಿನಿಂದ ಸತ್ತವರಲ್ಲಿ ಎಷ್ಟು ಜನರಿಗೆ ರೋಗ ಬೇರೆ ಕಡೆ ಹರಡಿರಲಿಲ್ಲ ಅಂತ ಲೆಕ್ಕ ಹಾಕಿದ್ದರು. ಯಾಕೆ? ಹರಡದೇ ಇದ್ದರೆ ಮಾತ್ರ ಕತ್ತರಿಸಿ ತೆಗೆದು ಪ್ರಯೋಜನ. ನೆನಪಿಟ್ಟುಕೊಳ್ಳಿ, ಈ ಲೆಕ್ಕ ಆಮೇಲೆ ಮತ್ತೆ ಬರುತ್ತೆ.

ರೋಗಿಯ ಹೆಸರು ತೆರೇಸೆ ಹೆಲ್ಲರ್. ವಯಸ್ಸು 43. ಕ್ಲೋರೋಫಾರಂ ಕೊಟ್ಟು ಸುಮಾರು ಒಂದೂವರೆ ಗಂಟೆಯಲ್ಲಿ ಗಡ್ಡೆಯಿದ್ದ ಭಾಗ ತೆಗೆದು, ಉಳಿದ ಜಠರವನ್ನ ಸಣ್ಣಕರುಳಿನ ಮೊದಲ ಭಾಗಕ್ಕೆ ರೇಷ್ಮೆ ದಾರದಲ್ಲಿ ಹೊಲಿದ. ಮೊದಲ ದಿನ ಬಾಯಿಗೆ ಬರೀ ಐಸ್ ತುಂಡು. ಆಮೇಲೆ ಗಂಟೆಗೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ, ಒಂದೊಂದು ಚಮಚ ಹುಳಿ ಹಾಲು. ಆಕೆ ಬದುಕಿದಳು! ಒಂದು ವಾರವೂ ಆಗಿರಲಿಲ್ಲ, ಬಿಲ್‌ರೋತ್ ಫೆಬ್ರವರಿ 4ಕ್ಕೆ ವಿಯೆನ್ನಾದ ವೈದ್ಯ ಪತ್ರಿಕೆಗೆ ಕಾಗದ ಬರೆದುಬಿಟ್ಟ. ಅಷ್ಟು ಖುಷಿ.

ಆದರೆ ತೆರೇಸೆ ಬದುಕಿದ್ದು ಸುಮಾರು ನಾಲ್ಕು ತಿಂಗಳು. ಹೊಲಿಗೆ ಗಟ್ಟಿಯಾಗಿತ್ತು, ಆಪರೇಷನ್ ಗೆದ್ದಿತ್ತು. ಕ್ಯಾನ್ಸರ್ ಮರಳಿ ಬಂತು. ಆಕೆಯ ಜಠರ ಇವತ್ತಿಗೂ ವಿಯೆನ್ನಾದ ಯೋಸೆಫೀನುಮ್ ಮ್ಯೂಸಿಯಮ್ಮಿನಲ್ಲಿದೆ.

ಸರ್ಜರಿ ಪುಸ್ತಕಗಳು ಇದನ್ನ 'ಮೊದಲ ಯಶಸ್ಸು' ಅಂತ ಬರೀತವೆ. ತೆರೇಸೆಯ ಮನೆಯವರು ಏನಂತ ಬರೀತಿದ್ದರೋ! ಆಪರೇಷನ್ ಗೆಲ್ಲೋದು ಬೇರೆ, ರೋಗಿ ಗೆಲ್ಲೋದು ಬೇರೆ. ಕೌನ್ಸೆಲಿಂಗ್ ಕೋಣೆಯ ಆ ಹಾಳೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಕಾಲಂ ಇರಲಿಲ್ಲ.

ಆಮೇಲಿನದು ಬೇಗ ಹೇಳ್ತೀನಿ. 1885ರಲ್ಲಿ ಬಿಲ್‌ರೋತ್ ಇನ್ನೊಂದು ಥರ ಜೋಡಣೆ ಮಾಡಿದ. ಇವತ್ತೂ ಇವುಗಳ ಹೆಸರು ಬಿಲ್‌ರೋತ್ ಒಂದು, ಬಿಲ್‌ರೋತ್ ಎರಡು. 1897ರಲ್ಲಿ ಜೂರಿಚ್‌ನ ಕಾರ್ಲ್ ಶ್ಲಾಟರ್ ಇಡೀ ಜಠರವನ್ನೇ ತೆಗೆದ, ರೋಗಿ ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ಜಠರವೇ ಇಲ್ಲದೆ ಬದುಕಬಹುದು ಅಂತ ಗೊತ್ತಾಯ್ತು.

ಇಪ್ಪತ್ತನೇ ಶತಮಾನದಲ್ಲಿ ಈ ಆಪರೇಷನ್ನಿನ ಕೇಂದ್ರ ಯುರೋಪು ಬಿಟ್ಟು ಜಪಾನಿಗೆ ಹೋಯ್ತು. ಯಾಕಂದ್ರೆ ರೋಗ ಅಲ್ಲಿ ಹೆಚ್ಚು. ಜಪಾನಿನವರು ಗಡ್ಡೆಯ ಜೊತೆ ಸುತ್ತಲಿನ ದುಗ್ಧಗ್ರಂಥಿಗಳನ್ನೂ ಒಂದೊಂದಾಗಿ ನಂಬರ್ ಕೊಟ್ಟು, ನಕ್ಷೆ ಮಾಡಿ ತೆಗೀತಿದ್ದರು. ಕ್ಯಾನ್ಸರ್ ಮೊದಲು ಹರಡೋದು ಈ ಗ್ರಂಥಿಗಳಿಗೆ. ಈ ವಿಸ್ತಾರವಾದ ಆಪರೇಷನ್ನಿಗೆ 'ಡಿ-2' ಅಂತಾರೆ.

ಡಿ-2 ನಿಜಕ್ಕೂ ಒಳ್ಳೇದಾ ಅಂತ ನೆದರ್ಲೆಂಡ್ಸ್‌ನವರು 1989ರಿಂದ ಪರೀಕ್ಷೆ ಮಾಡಿದರು. ಟೋಕಿಯೋದಿಂದ ಮಿತ್ಸುರು ಸಸಾಕೋ ಅನ್ನೋ ಸರ್ಜನ್ನನ್ನೇ ಕರೆಸಿ ಕಲಿತರು. ಕಲಿತೂ ಏನಾಯ್ತು ನೋಡಿ: ಡಿ-2 ಮಾಡಿಸಿಕೊಂಡವರಲ್ಲಿ 100ಕ್ಕೆ 10 ಜನ ಆಸ್ಪತ್ರೆಯಲ್ಲೇ ತೀರಿಕೊಂಡರು, ಚಿಕ್ಕ ಆಪರೇಷನ್ ಆದವರಲ್ಲಿ 100ಕ್ಕೆ 4. ಹಾಗಾದ್ರೆ ಜಪಾನಿನ ಪದ್ಧತಿ ಸುಳ್ಳಾ? ಅಲ್ಲ. 15 ವರ್ಷ ಬಿಟ್ಟು ಅದೇ ರೋಗಿಗಳ ಲೆಕ್ಕ ನೋಡಿದಾಗ, ಕ್ಯಾನ್ಸರಿನಿಂದಲೇ ಸತ್ತವರು ಡಿ-2 ಗುಂಪಿನಲ್ಲಿ ಕಡಿಮೆ ಇದ್ದರು. ಪದ್ಧತಿ ಸರಿಯಾಗಿತ್ತು, ಕೈಗೆ ಅಭ್ಯಾಸ ಇರಲಿಲ್ಲ. ಎಷ್ಟೋ ಆಸ್ಪತ್ರೆಗಳಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಇಂಥ ಕೇಸು ಬರ್ತಿದ್ದವು. ಈ ಇಡೀ ಸಂಚಿಕೆಗಾಗಿ ಓದಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಈ ಡಚ್ ಲೆಕ್ಕವೇ.

ಈಗ ತೂತಿನ ಕಥೆ.

1901ರಲ್ಲಿ ಜರ್ಮನಿಯ ಗೆಯೋರ್ಗ್ ಕೆಲ್ಲಿಂಗ್ ಒಂದು ನಾಯಿಯ ಹೊಟ್ಟೆಗೆ ಗಾಳಿ ತುಂಬಿಸಿ, ಮೂತ್ರಕೋಶ ನೋಡೋ ಕೊಳವೆಯನ್ನ ತೂರಿಸಿ ಒಳಗೆ ಇಣುಕಿದ. 1910ರಲ್ಲಿ ಸ್ವೀಡನ್ನಿನ ಹಾನ್ಸ್ ಕ್ರಿಸ್ಟಿಯನ್ ಯಾಕೋಬೇಯಸ್ ಮನುಷ್ಯರಲ್ಲಿ ಇದನ್ನೇ ಮಾಡಿದ. ಆದರೆ ದಶಕಗಟ್ಟಲೆ ಇದು ಬರೀ ಇಣುಕಿ ನೋಡೋ ಕಿಟಕಿಯಾಗೇ ಉಳೀತು. ಕಿಟಕಿಯಿಂದ ಕೈಹಾಕಿ ಕೆಲಸ ಮಾಡಬಹುದು ಅಂದವರಿಗೆ ಬೈಗುಳ ಸಿಕ್ತು.

ಕುರ್ಟ್ ಝೆಮ್ ಅನ್ನೋರು ಜರ್ಮನಿಯ ಕೀಲ್ ಊರಿನ ಸ್ತ್ರೀರೋಗ ತಜ್ಞ. 1980ರಲ್ಲಿ ಸಣ್ಣ ತೂತುಗಳ ಮೂಲಕವೇ ಅಪೆಂಡಿಕ್ಸ್ ತೆಗೆದರು. ಇವರ ಲೈಸೆನ್ಸ್ ಅಮಾನತು ಮಾಡಿ ಅಂತ ಸರ್ಜನ್ನರ ಸಂಘದ ಅಧ್ಯಕ್ಷರೇ ಪಟ್ಟು ಹಿಡಿದರು. ಅದಕ್ಕೂ ಹಿಂದೆ, ಮಿದುಳಿಗೇನಾದ್ರೂ ಆಗಿದೆಯಾ ಸ್ಕ್ಯಾನ್ ಮಾಡಿಸ್ಕೋ ಅಂತ ಸಹೋದ್ಯೋಗಿಗಳೇ ಹೇಳಿದ್ದರಂತೆ. ಒಂದು ಸಭೆಯಲ್ಲಿ ಇವರು ಸ್ಲೈಡ್ ತೋರಿಸ್ತಿರುವಾಗ ಪ್ರೊಜೆಕ್ಟರಿನ ಪ್ಲಗ್ಗನ್ನೇ ಕಿತ್ತರಂತೆ. 1985ರಲ್ಲಿ ಎರಿಶ್ ಮ್ಯೂಹೆ ಇದೇ ಥರ ಪಿತ್ತಕೋಶ ತೆಗೆದರು. ಅವರನ್ನೂ ಮೊದಲು ಹಂಗಿಸಿದರು, 1992ರಲ್ಲಿ ಅದೇ ಜರ್ಮನ್ ಸರ್ಜನ್ನರ ಸಂಘ ಕರೆದು ಸನ್ಮಾನಿಸಿತು.

ಭಾರತ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹೆಂಟನ್ ಉದ್ವಾಡಿಯಾ 1990ರಲ್ಲೇ ಲ್ಯಾಪರೋಸ್ಕೋಪಿಯಿಂದ ಪಿತ್ತಕೋಶ ತೆಗೆದರು. ಸರ್ಕಾರಿ ಆಸ್ಪತ್ರೆ, ಬಡ ರೋಗಿಗಳು. ಅಲ್ಲಿ ಸಣ್ಣ ಗಾಯ ಅಂದ್ರೆ ಚಂದದ ಪ್ರಶ್ನೆ ಅಲ್ಲ, ಕೂಲಿಗೆ ಎಷ್ಟು ಬೇಗ ವಾಪಸ್ ಹೋಗಬಹುದು ಅನ್ನೋ ಪ್ರಶ್ನೆ.

ಪಿತ್ತಕೋಶ ಸರಿ, ಕ್ಯಾನ್ಸರ್? 1991ರಲ್ಲಿ ಜಪಾನಿನ ಸೇಗೋ ಕಿತಾನೋ, ಆರಂಭದ ಹಂತದ ಹೊಟ್ಟೆ ಕ್ಯಾನ್ಸರನ್ನ ಲ್ಯಾಪರೋಸ್ಕೋಪಿಯ ಸಹಾಯದಿಂದ ತೆಗೆದರು. ಮತ್ತೆ ಜೋಡಿಸಿದ್ದು ಹೇಗೆ ಗೊತ್ತಾ? ಬಿಲ್‌ರೋತ್ ಒಂದು. 110 ವರ್ಷ ಹಳೇ ಹೊಲಿಗೆ, ಹೊಸ ಕಿಟಕಿ.

ಆಗ ಎದ್ದ ಅನುಮಾನ ಸಣ್ಣದಲ್ಲ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ, ತೂತು ಹಾಕಿದ ಜಾಗದಲ್ಲೇ ಕ್ಯಾನ್ಸರ್ ಮತ್ತೆ ಬೆಳೆದ ವರದಿಗಳು 90ರ ದಶಕದಲ್ಲಿ ಬಂದಿದ್ದವು. ಗಾಯ ಸಣ್ಣದಾಯ್ತು ಅಂತ ಖುಷಿಪಟ್ಟು ರೋಗ ಒಳಗೇ ಬಿಟ್ಟು ಬಂದರೆ? ಇದಕ್ಕೆ ಉತ್ತರ ಬರೋಕೆ ಸುಮಾರು ಮೂರು ದಶಕ ಬೇಕಾಯ್ತು. ಕೊರಿಯಾದಲ್ಲಿ 2006ರಿಂದ 2010ರವರೆಗೆ ಆರಂಭದ ಹಂತದ 1,416 ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಹೊಟ್ಟೆ ತೆರೆದ ಆಪರೇಷನ್, ಇನ್ನೊಂದಕ್ಕೆ ಲ್ಯಾಪರೋಸ್ಕೋಪಿ ಮಾಡಿದರು. ಐದು ವರ್ಷದ ನಂತರ ಬದುಕಿದ್ದವರು ಲ್ಯಾಪರೋಸ್ಕೋಪಿಯಲ್ಲಿ 94.2%, ತೆರೆದ ಆಪರೇಷನ್ನಿನಲ್ಲಿ 93.3%. ಅಂದ್ರೆ ಸಮಸಮ. ಫಲಿತಾಂಶ ಪ್ರಕಟವಾಗಿದ್ದು 2019ರಲ್ಲಿ. ಬೆಳೆದ ಕ್ಯಾನ್ಸರಿನ ಬಗ್ಗೆ ಚೀನಾದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯೂ ಮೂರು ವರ್ಷದ ಲೆಕ್ಕದಲ್ಲಿ ಇದನ್ನೇ ಹೇಳಿತು.

ಹಾಗೆ ಲ್ಯಾಪರೋಸ್ಕೋಪಿ ಪಾಸಾಯ್ತು. ಆದರೆ ಅದು ಪಾಸಾಗೋ ಹೊತ್ತಿಗೆ ಬಾಗಿಲಲ್ಲಿ ಇನ್ನೊಬ್ಬ ಅಭ್ಯರ್ಥಿ ನಿಂತಾಗಿತ್ತು.

ರೋಬೋ ಹುಟ್ಟಿದ್ದು ಕ್ಯಾನ್ಸರ್‌ಗೆ ಅಲ್ಲ, ಯುದ್ಧಕ್ಕೆ. ಗಾಯಗೊಂಡ ಸೈನಿಕ ರಣರಂಗದಲ್ಲಿ, ಸರ್ಜನ್ ದೂರದ ಸುರಕ್ಷಿತ ಜಾಗದಲ್ಲಿ. ನಡುವೆ ಯಂತ್ರದ ಕೈ. ಅಮೆರಿಕದ ಸೇನಾ ದುಡ್ಡಿನಿಂದ ಬೆಳೆದ ಕಲ್ಪನೆ ಇದು. ಅದರ ಬೆನ್ನು ಹತ್ತಿ ಫ್ರೆಡರಿಕ್ ಮೋಲ್ ಮತ್ತು ಜೊತೆಗಾರರು 1995ರಲ್ಲಿ ಇಂಟ್ಯೂಟಿವ್ ಸರ್ಜಿಕಲ್ ಕಂಪನಿ ಕಟ್ಟಿದರು. ಅವರ ಯಂತ್ರ 'ಡಾ ವಿಂಚಿ'ಗೆ 2000ದ ಜುಲೈನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ತು. ಸಾಗರದಾಚೆಯಿಂದ ಆಪರೇಷನ್ ಮಾಡೋ ಕನಸೂ ಒಮ್ಮೆ ನಿಜವಾಯ್ತು. 2001ರ ಸೆಪ್ಟೆಂಬರ್ 7ರಂದು ನ್ಯೂಯಾರ್ಕಿನಲ್ಲಿ ಕೂತ ಝಾಕ್ ಮಾರೆಸ್ಕೋ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ 68 ವರ್ಷದ ಮಹಿಳೆಯ ಪಿತ್ತಕೋಶ ತೆಗೆದರು. ಬಳಸಿದ್ದು ಇನ್ನೊಂದು ಕಂಪನಿಯ 'ಜ್ಯೂಸ್' ಅನ್ನೋ ಯಂತ್ರ. ನಾಲ್ಕೇ ದಿನಕ್ಕೆ ಅದೇ ನ್ಯೂಯಾರ್ಕಿನಲ್ಲಿ ಅವಳಿ ಗೋಪುರ ಬಿತ್ತು. ಈ ಸುದ್ದಿ ಅದರಲ್ಲಿ ಮುಳುಗಿಹೋಯ್ತು.

ಒಂದು ವಿಷಯ ಸ್ಪಷ್ಟ ಮಾಡಿಬಿಡ್ತೀನಿ, ಯಾಕಂದ್ರೆ ನಮ್ಮತ್ತೆಗೂ ಇದೇ ಭಯ ಇತ್ತು: ರೋಬೋ ತಾನಾಗೇ ಏನೂ ಕತ್ತರಿಸಲ್ಲ. ಸರ್ಜನ್ ಅದೇ ಕೋಣೆಯಲ್ಲಿ ಒಂದು ಕನ್ಸೋಲ್ ಮುಂದೆ ಕೂತು, ಮೂರು ಆಯಾಮದ ಚಿತ್ರ ನೋಡ್ತಾ, ಬೆರಳು ಆಡಿಸ್ತಾರೆ. ರೋಬೋದ ತೋಳು ಅದನ್ನೇ ಒಳಗೆ ಮಾಡುತ್ತೆ. ತೂತುಗಳು ಲ್ಯಾಪರೋಸ್ಕೋಪಿಯ ಥರವೇ. ಹಾಗಾದ್ರೆ ವ್ಯತ್ಯಾಸ ಎಲ್ಲಿ? ಮಣಿಕಟ್ಟಿನಲ್ಲಿ. ಲ್ಯಾಪರೋಸ್ಕೋಪಿಯ ಉಪಕರಣ ನೇರ ಕಡ್ಡಿಯ ಹಾಗೆ. ಉದ್ದನೆಯ ಇಕ್ಕಳದಿಂದ ಡಬ್ಬಿಯ ಮೂಲೆಯಲ್ಲಿ ಬಿದ್ದ ಕಾಳು ಹೆಕ್ಕಿದ ಹಾಗೆ. ರೋಬೋದ ಉಪಕರಣದ ತುದಿ ನಮ್ಮ ಮಣಿಕಟ್ಟಿನಂತೆ ಎಲ್ಲ ಕಡೆ ಬಾಗುತ್ತೆ, ಕೈನಡುಕವನ್ನೂ ಸೋಸಿಬಿಡುತ್ತೆ.

ಹೊಟ್ಟೆ ಕ್ಯಾನ್ಸರಿನಲ್ಲಿ ಇದು ಯಾಕೆ ಮುಖ್ಯ ಅಂದ್ರೆ, ಮೊದಲು ಹೇಳಿದೆನಲ್ಲ ದುಗ್ಧಗ್ರಂಥಿ, ಅವುಗಳಲ್ಲಿ ಕೆಲವು ಇರೋದು ಮೇದೋಜ್ಜೀರಕ ಗ್ರಂಥಿಯ ಮೇಲಂಚಿನಲ್ಲಿ, ದೊಡ್ಡ ರಕ್ತನಾಳಗಳ ಮಗ್ಗುಲಲ್ಲಿ. ಅವನ್ನ ತೆಗೆಯುವಾಗ ನೇರ ಕಡ್ಡಿಯಿಂದ ಮೇದೋಜ್ಜೀರಕವನ್ನ ಒತ್ತಿ ಹಿಡಿಯಬೇಕಾಗುತ್ತೆ. ಒತ್ತಡ ಹೆಚ್ಚಾದರೆ ಅದು ಗಾಯವಾಗಿ ರಸ ಸೋರುತ್ತೆ. ಆ ಸೋರಿಕೆ ಅಪಾಯಕಾರಿ. ಬಾಗೋ ಮಣಿಕಟ್ಟಿದ್ದರೆ ಮುಟ್ಟದೇ ಕೆಲಸ ಮಾಡಬಹುದು ಅನ್ನೋದು ರೋಬೋ ಪರವಾದ ವಾದ. ಕಾಗದದ ಮೇಲೆ ಚೆನ್ನಾಗೇ ಇದೆ.

2002ರಲ್ಲಿ ಜಪಾನಿನ ಮಕೋಟೋ ಹಾಶಿಝುಮೆ ತಂಡ ರೋಬೋದಿಂದ ಜಠರದ ಆಪರೇಷನ್ ಮಾಡಿದ ವರದಿ ಕೊಟ್ಟಿತು. ಒಂದು ದೊಡ್ಡ ಹೋಲಿಕೆ ಬಂದಿದ್ದು 2016ರಲ್ಲಿ, ಕೊರಿಯಾದಿಂದ, 434 ರೋಗಿಗಳದ್ದು. ಇಲ್ಲಿ ಚೀಟಿ ಎತ್ತಿರಲಿಲ್ಲ, ಯಾವುದು ಬೇಕು ಅಂತ ರೋಗಿಗಳೇ ಆರಿಸಿಕೊಂಡಿದ್ದರು. ನಮ್ಮ ಕೌನ್ಸೆಲಿಂಗ್ ಕೋಣೆಯ ಥರವೇ! ತೊಂದರೆಗಳು ರೋಬೋದಲ್ಲಿ 11.9%, ಲ್ಯಾಪರೋಸ್ಕೋಪಿಯಲ್ಲಿ 10.3%, ಅಂದ್ರೆ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ಸಮಯ 221 ನಿಮಿಷ, ಇದಕ್ಕೆ 178. ಖರ್ಚು 13,432 ಡಾಲರ್, ಇದಕ್ಕೆ 8,090. ಈ ಲೆಕ್ಕ ನೋಡಿದರೆ ಯಾರಾದರೂ ಹೇಳೋದು ಒಂದೇ: ಯಾಕಪ್ಪಾ ದುಡ್ಡು ದಂಡ?

ಖರ್ಚಿಗೂ ಒಂದು ಕಾರಣ ಇದೆ. ಯಂತ್ರದ ಬೆಲೆ, ವರ್ಷ ವರ್ಷ ನಿರ್ವಹಣೆಯ ಕರಾರು ಒಂದು ಕಡೆ. ಇನ್ನೊಂದು ಕಡೆ, ತೋಳಿನ ತುದಿಯ ಉಪಕರಣಗಳಿಗೆ ಎಣಿಕೆ ಇರುತ್ತೆ. ಬಹುಕಾಲ ಅದು ಹತ್ತು ಸಲ. ಹನ್ನೊಂದನೇ ಸಲ ಹಾಕಿದರೆ ಯಂತ್ರವೇ ಒಪ್ಪುತ್ತಿರಲಿಲ್ಲ. ಪ್ರಿಂಟರ್ ಅಗ್ಗ, ಕಾರ್ಟ್ರಿಜ್ ದುಬಾರಿ ಅಂತೀವಲ್ಲ. ಇಲ್ಲಿ ಪ್ರಿಂಟರೂ ದುಬಾರಿ.

ಆದರೆ ಕಥೆ 2016ಕ್ಕೆ ನಿಲ್ಲಲಿಲ್ಲ, ಹಾಗಾಗಿ ನಾನೂ ನನ್ನ ಅಭಿಪ್ರಾಯ ಸ್ವಲ್ಪ ಬದಲಿಸಿಕೊಳ್ಳಬೇಕಾಯ್ತು. ಜಪಾನಿನಲ್ಲಿ ಇಚಿರೋ ಉಯಾಮಾ ಮುಂದಾಳತ್ವದಲ್ಲಿ ಸುಮಾರು 330 ರೋಗಿಗಳ ಅಧ್ಯಯನ ನಡೀತು. ಗಂಭೀರ ತೊಂದರೆ ಆಗಿದ್ದು 2.45% ಜನರಿಗೆ, ಹಿಂದಿನ ಲ್ಯಾಪರೋಸ್ಕೋಪಿಯ ದಾಖಲೆಯಲ್ಲಿ ಅದು 6.4% ಇತ್ತು. 2018ರ ಏಪ್ರಿಲ್‌ನಲ್ಲಿ ಜಪಾನ್ ಸರ್ಕಾರ ರೋಬೋ ಆಪರೇಷನ್ನನ್ನ ರಾಷ್ಟ್ರೀಯ ವಿಮೆಗೆ ಸೇರಿಸಿತು. ಇಲ್ಲೊಂದು ಜಾಣತನ ನೋಡಿ: ಆಸ್ಪತ್ರೆಗೆ ಕೊಟ್ಟ ಹಣ ಲ್ಯಾಪರೋಸ್ಕೋಪಿಗೆ ಕೊಡುವಷ್ಟೇ. ಬೇಕಾದ್ರೆ ರೋಬೋ ಬಳಸಿ, ಹೆಚ್ಚು ದುಡ್ಡು ಬೇಕಾದ್ರೆ ಮೊದಲು ಪುರಾವೆ ತನ್ನಿ ಅಂದ ಹಾಗೆ. 2022ರಲ್ಲಿ ಆ ದರ ಹೆಚ್ಚಾಯ್ತು.

ನಡುವೆ ಚೀಟಿ ಎತ್ತಿದ ಪರೀಕ್ಷೆಗಳೂ ಬಂದವು, ಎರಡೂ 2021ರಲ್ಲಿ. ಚೀನಾದ ಫುಜಿಯಾನ್‌ನಲ್ಲಿ 300 ರೋಗಿಗಳು: ಆಪರೇಷನ್ ನಂತರದ ತೊಂದರೆ ರೋಬೋದಲ್ಲಿ 9.2%, ಲ್ಯಾಪರೋಸ್ಕೋಪಿಯಲ್ಲಿ 17.6%. ಜಪಾನಿನ ವಾಕಯಾಮಾದಲ್ಲಿ 241 ರೋಗಿಗಳು. ಅವರು ಮುಖ್ಯವಾಗಿ ಕೇಳಿದ್ದ ಪ್ರಶ್ನೆ ಹೊಟ್ಟೆಯೊಳಗಿನ ಸೋಂಕು ಕಡಿಮೆ ಆಗುತ್ತಾ ಅಂತ. ಅದರಲ್ಲಿ ಗಟ್ಟಿ ವ್ಯತ್ಯಾಸ ಸಿಗಲಿಲ್ಲ. ಆದರೆ ಔಷಧಿ ಅಥವಾ ಅದಕ್ಕಿಂತ ಹೆಚ್ಚಿನ ಚಿಕಿತ್ಸೆ ಬೇಕಾದ ಒಟ್ಟು ತೊಂದರೆಗಳು 19.7%ರಿಂದ 8.8%ಕ್ಕೆ ಇಳಿದಿದ್ದವು.

ಹೀಗಾಗಿ ರೋಬೋ ಬರೀ ಷೋಕಿ ಅನ್ನೋದು ತಪ್ಪು. ಪಳಗಿದ ಕೈಯಲ್ಲಿ ತೊಂದರೆ ಕಡಿಮೆ ಆಗೋ ಸೂಚನೆ ಇದೆ. ಆದರೆ ಈ ಫಲಿತಾಂಶ ಬಂದಿದ್ದು ಹೊಟ್ಟೆ ಕ್ಯಾನ್ಸರನ್ನೇ ದಿನಾ ನೋಡೋ ಆಸ್ಪತ್ರೆಗಳಿಂದ. ಡಚ್ಚರ ಕಥೆ ನೆನಪಿದೆಯಲ್ಲ? ಮತ್ತೆ, ರೋಬೋ ಮಾಡಿಸಿದರೆ ಹೆಚ್ಚು ವರ್ಷ ಬದುಕ್ತಾರೆ ಅಂತ 2021ರ ಆ ಎರಡು ವರದಿ ತೋರಿಸಿರಲಿಲ್ಲ. ಆ ವರದಿಗಳಲ್ಲಿದ್ದದ್ದು ಆಪರೇಷನ್ ನಂತರದ ತೊಂದರೆಯ ಲೆಕ್ಕ.

ಹೆಚ್ಚು ವರ್ಷ ಬದುಕಿಸಿದ್ದು ಬೇರೆಯೇ. ಜಪಾನಿನಲ್ಲಿ 1960ರ ದಶಕದಿಂದ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯೋ ತಪಾಸಣೆ ಊರೂರಿಗೆ ಹೋಯ್ತು. ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರಿ ತಪಾಸಣೆ. 90ರ ದಶಕದ ಮಧ್ಯದಲ್ಲಿ ಕೊರಿಯಾದ ಹೊಟ್ಟೆ ಕ್ಯಾನ್ಸರ್ ರೋಗಿಗಳಲ್ಲಿ ಐದು ವರ್ಷ ದಾಟುತ್ತಿದ್ದವರು ಸುಮಾರು 44%. ಈಗ ಅದು 75% ಮೀರಿದೆ. ಅದರಲ್ಲಿ ದೊಡ್ಡ ಪಾಲು ಯಾವ ತೋಳಿಗೂ ಸೇರಿದ್ದಲ್ಲ, ರೋಗ ಹರಡೋ ಮುಂಚೆ ಕಂಡುಹಿಡಿದಿದ್ದಕ್ಕೆ. ಬಿಲ್‌ರೋತ್‌ನ ಶಿಷ್ಯರು ಶವಪರೀಕ್ಷೆ ಪುಸ್ತಕಗಳಲ್ಲಿ ಹುಡುಕಿದ್ದ ಅದೇ ಲೆಕ್ಕ.

ನಮ್ಮಲ್ಲಿ ಮಿಜೋರಾಂನಲ್ಲಿ ಈ ರೋಗ ತೀರಾ ಹೆಚ್ಚು. ಚೆನ್ನೈ, ಬೆಂಗಳೂರಿನಲ್ಲೂ ಮುಂಬೈ, ದೆಹಲಿಗಿಂತ ಹೆಚ್ಚು. ಆದರೂ ನಾವು ಮಾಡೋದೇನು? ಗ್ಯಾಸು, ಆಸಿಡಿಟಿ, ಊಟ ಸರಿ ಆಗಿಲ್ಲ ಅಂತ ತಿಂಗಳುಗಟ್ಟಲೆ ಮೆಡಿಕಲ್ ಶಾಪಿನ ಮಾತ್ರೆ ನುಂಗೋದು. ನಮ್ಮ ಮಾವ ನುಂಗಿದ್ದು ಎಂಟು ತಿಂಗಳು. ಎಂಡೋಸ್ಕೋಪಿ ಮಾಡಿಸೋಕೆ ಅತ್ತೆ ಜಗಳ ಆಡಬೇಕಾಯ್ತು. ಆ ಜಗಳದಿಂದ ಉಳಿದ ಸಮಯಕ್ಕೆ ಹಾಳೆಯ ಯಾವ ಕಾಲಮ್ಮಿನಲ್ಲೂ ಬೆಲೆ ಬರೆದಿರಲಿಲ್ಲ.

ಕೊನೆಗೆ ಏನು ಮಾಡಿದ್ರಿ ಅಂತ ಕೇಳ್ತೀರಾ. ಮರುದಿನ ಸರ್ಜನ್ ಸಿಕ್ಕಾಗ ಅತ್ತೆ ಹಾಳೆ ತೆಗೀಲೇ ಇಲ್ಲ. "ಡಾಕ್ಟ್ರೇ, ಈ ಆಪರೇಷನ್ ನೀವು ಎಷ್ಟು ಮಾಡಿದೀರಿ? ಯಾವುದರಲ್ಲಿ ಎಷ್ಟು?" ಅಂತ ಕೇಳಿದರು. ಅವರು ಒಂದು ಕ್ಷಣ ಸುಮ್ಮನಿದ್ದು ನೇರವಾಗಿ ಹೇಳಿದರು: "ಲ್ಯಾಪರೋಸ್ಕೋಪಿಯಲ್ಲಿ ಇನ್ನೂರರ ಮೇಲಾಗಿದೆ ಅಮ್ಮಾ. ರೋಬೋ ಬಂದು ಒಂದು ವರ್ಷ, ಅದರಲ್ಲಿ ಹದಿನೈದು." ಅತ್ತೆ ಮತ್ತೇನೂ ಕೇಳಲಿಲ್ಲ. "ಹಂಗಾದ್ರೆ ಇನ್ನೂರರದ್ದೇ ಮಾಡಿ" ಅಂದರು.

ಮಾವ ಈಗ ದಿನಕ್ಕೆ ಆರು ಸಲ ತಿಂತಾರೆ, ಒಂದೊಂದು ಸಲ ಅರ್ಧ ರೊಟ್ಟಿ. ಡಿಸ್ಚಾರ್ಜ್ ಕಾಗದದಲ್ಲಿ ಬಿಲ್‌ರೋತ್ ಎರಡು ಅಂತ ಬರೆದಿತ್ತು. ಅದು ಯಾವ ಮಾತ್ರೆ, ಊಟಕ್ಕೆ ಮುಂಚೆಯೋ ಆಮೇಲೆಯೋ ಅಂತ ಅವರು ನನ್ನನ್ನ ಕೇಳಿದ್ದರು.